ಟಂಡ್ರಾದ ಹಿಮವನ್ನು ಬುಡದಿಂದ ಓದಬೇಕು

(ಬೆಂಗಳೂರಿನಲ್ಲಿ ವಿಜ್ಞಾನಾಸಕ್ತರ ಎದುರು ಆಡಿದ ಮಾತಿನ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆರ್ಕ್ಟಿಕ್ ಅಂದ ಕೂಡಲೇ ಆಳೆತ್ತರದ ಹಿಮ ಕಣ್ಣ ಮುಂದೆ ಬರುತ್ತದೆ, ಅಲ್ವಾ? ಟಂಡ್ರಾ ಬಯಲಿನಲ್ಲಿ ಹಾಗಿಲ್ಲ. ಕೆನಡಾದ ವಾಯವ್ಯ ಭಾಗದಲ್ಲಿ ಇನುವಿಕ್ ಎಂಬ ಊರಿದೆ. ಅಲ್ಲಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಟ್ರೇಲ್ ವ್ಯಾಲಿ ಕ್ರೀಕ್. ಕಾಡು ಮುಗಿದು ಬಯಲು ಶುರುವಾಗುವ ಜಾಗ. 1990ರ ದಶಕದಿಂದ ವಿಜ್ಞಾನಿಗಳು ಅಲ್ಲಿ ಹಿಮ, ನೀರು, ನೆಲ ಮೂರನ್ನೂ ಅಳೆಯುತ್ತಿದ್ದಾರೆ. ಏಪ್ರಿಲ್‌ನಲ್ಲಿ ಅಲ್ಲಿ ಕೋಲು ಇಳಿಸಿ ನೋಡಿದರೆ, ಚಳಿಗಾಲವಿಡೀ ಬಿದ್ದ ಹಿಮ ಬಯಲಿನ ಬಹಳಷ್ಟು ಕಡೆ ಮೊಣಕಾಲಿಗೂ ಬರುವುದಿಲ್ಲ. 30, 40 ಸೆಂಟಿಮೀಟರ್ ಅಷ್ಟೇ. ಗಾಳಿ ಹೊತ್ತು ತಂದು ಇಳಿಜಾರಿನ ಮರೆಯಲ್ಲಿ ರಾಶಿ ಹಾಕಿದ ಕಡೆ ಮಾತ್ರ ಆಳ ಜಾಸ್ತಿ.

ಈ 40 ಸೆಂಟಿಮೀಟರ್ ವರ್ಷದಲ್ಲಿ ಸುಮಾರು ಎಂಟು ತಿಂಗಳು ನೆಲವನ್ನು ಮುಚ್ಚಿಕೊಂಡಿರುತ್ತದೆ. ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ವಾಪಸ್ ಆಕಾಶಕ್ಕೆ ಹೋಗುತ್ತದೆ, ನೆಲದ ಶಾಖ ಎಷ್ಟು ಹೊರಗೆ ಸೋರುತ್ತದೆ, ಉಪಗ್ರಹದ ಕಣ್ಣಿಗೆ ಏನು ಕಾಣುತ್ತದೆ, ಎಲ್ಲದರಲ್ಲೂ ಅದರ ಕೈವಾಡ ಇದೆ. ಅದೂ ಬರೀ ದಪ್ಪದ ಪ್ರಶ್ನೆಯಲ್ಲ. ಹಿಮದ ಕಣಗಳು ಎಷ್ಟು ದೊಡ್ಡವು, ಯಾವ ಆಕಾರದವು, ಒಂದಕ್ಕೊಂದು ಹೇಗೆ ಅಂಟಿಕೊಂಡಿವೆ, ನಡುವೆ ಎಷ್ಟು ಗಾಳಿ ಇದೆ ಎಂಬುದೇ ಮುಖ್ಯ. ಇದಕ್ಕೆ ಹಿಮದ ಸೂಕ್ಷ್ಮರಚನೆ ಎನ್ನುತ್ತಾರೆ. ಇದನ್ನು ಬಯಲಿನಲ್ಲಿ ಕೂತು ಹೇಗೆ ಅಳೆಯುತ್ತೇವೆ, ಅಳೆಯದಿದ್ದರೆ ಎಲ್ಲಿ ದಾರಿ ತಪ್ಪುತ್ತದೆ ಎಂಬುದು ಇವತ್ತಿನ ಮಾತು.

ದಾರಿ ತಪ್ಪಿದ ಕಥೆಯಿಂದಲೇ ಶುರು ಮಾಡುತ್ತೇನೆ. ಆಲ್ಪ್ಸ್ ಪರ್ವತದಲ್ಲಿ ಮೇಲೆ ಹಿಮ ಬೀಳುತ್ತಾ ಹೋದ ಹಾಗೆ ಕೆಳಗಿನದು ಆ ಭಾರಕ್ಕೆ ಕುಸಿದು ಒತ್ತಾಗುತ್ತದೆ. ಮೇಲೆ ಹಗುರ, ಬುಡದಲ್ಲಿ ಭಾರ. ಫ್ರಾನ್ಸಿನ ಕ್ರೋಕಸ್, ಸ್ವಿಟ್ಜರ್ಲೆಂಡಿನ ಸ್ನೋಪ್ಯಾಕ್ ಎಂಬ ಕಂಪ್ಯೂಟರ್ ಮಾದರಿಗಳು ಬೆಳೆದಿದ್ದು ಇಂಥ ಹಿಮವನ್ನು ನೋಡಿಕೊಂಡು, ಹಿಮಕುಸಿತದ ಮುನ್ಸೂಚನೆಗಾಗಿ. ಟಂಡ್ರಾದಲ್ಲಿ ಗುಂಡಿ ತೋಡಿದರೆ ಕ್ರಮ ಪೂರ್ತಿ ಉಲ್ಟಾ. ಮೇಲುಗಡೆ ಗಾಳಿ ಬಡಿದು ಬಡಿದು ಗಟ್ಟಿಯಾದ ಪದರ. ಇದು ವಿಂಡ್ ಸ್ಲ್ಯಾಬ್. ಬುಡದಲ್ಲಿ ದೊಡ್ಡ ಹರಳುಗಳ ಸಡಿಲ, ಹಗುರ ಪದರ. ಇದು ಡೆಪ್ತ್ ಹೋರ್. ಅದೇ ಮಾದರಿಗಳನ್ನು ಆರ್ಕ್ಟಿಕ್‌ಗೆ ಹಾಕಿದಾಗ ಅವು ಮೇಲೆ ಹಗುರ, ಬುಡದಲ್ಲಿ ಭಾರ ಅಂತಲೇ ಲೆಕ್ಕ ಕೊಟ್ಟವು. ಒಟ್ಟು ತೂಕ ಹೆಚ್ಚುಕಡಿಮೆ ಸರಿ ಬಂದರೂ ಒಳಗಿನ ಜೋಡಣೆ ತಲೆಕೆಳಗು. ಅಲಾಸ್ಕಾದ ಮ್ಯಾಥ್ಯೂ ಸ್ಟರ್ಮ್, ಕೆನಡಾದ ಬೈಲಟ್ ದ್ವೀಪದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಫ್ಲೋರಾಂ ದೊಮಿನೆ ಅಂಥವರು ಸಲಿಕೆ ಹಿಡಿದು ತೋಡಿ, ಪದರ ಪದರ ಅಳೆದು ಇಟ್ಟಿದ್ದರಿಂದಲೇ ಈ ತಪ್ಪು ಕಣ್ಣಿಗೆ ಬಿತ್ತು.

ಯಾಕೆ ಹೀಗಾಗುತ್ತದೆ? ಸುಲಭದ ಲೆಕ್ಕ. ಡಿಸೆಂಬರ್‌ನಲ್ಲಿ ಗಾಳಿ ಮೈನಸ್ 30 ಡಿಗ್ರಿ, ಹಿಮದ ಅಡಿಯ ನೆಲ ಮೈನಸ್ 5 ಅಂತ ಇಟ್ಟುಕೊಳ್ಳಿ. ನಡುವೆ 40 ಸೆಂಟಿಮೀಟರ್ ಹಿಮ. ಅಷ್ಟರಲ್ಲೇ 25 ಡಿಗ್ರಿ ವ್ಯತ್ಯಾಸ. ಮೀಟರಿಗೆ ಲೆಕ್ಕ ಹಾಕಿದರೆ 60 ಡಿಗ್ರಿಗಿಂತ ಜಾಸ್ತಿ. ಮೀಟರಿಗೆ 10, 20 ಡಿಗ್ರಿ ದಾಟಿದರೇ ಸಾಕು, ಹಿಮದ ಕಣಗಳು ಮೊದಲಿನ ಹಾಗೆ ಉಳಿಯುವುದಿಲ್ಲ. ಬುಡದ ಬೆಚ್ಚಗಿನ ಕಣದಿಂದ ಆವಿ ಎದ್ದು ಮೇಲಿನ ತಣ್ಣನೆಯ ಕಣದ ಹೊಟ್ಟೆಗೆ ಹೋಗಿ ಕೂರುತ್ತದೆ. ನೀರಾಗಿ ಕರಗುವ ಮಾತೇ ಇಲ್ಲ, ಗಟ್ಟಿಯಿಂದ ನೇರ ಆವಿ, ಆವಿಯಿಂದ ನೇರ ಗಟ್ಟಿ. ವಾರಗಟ್ಟಲೆ ಹೀಗೇ ನಡೆದರೆ ಸಣ್ಣ ಕಣಗಳು ಮಾಯವಾಗಿ, ಕೆಲವು ಮಾತ್ರ ಮಿಲಿಮೀಟರ್‌ಗಟ್ಟಲೆ ಬೆಳೆದು ಬಟ್ಟಲಿನ ಆಕಾರ ಪಡೆಯುತ್ತವೆ. ಮೈಮೇಲೆ ಮೆಟ್ಟಿಲು ಮೆಟ್ಟಿಲಾದ ಗೆರೆಗಳು. ಬುಡದ ಸರಕು ಮೇಲಕ್ಕೆ ಹೋಗುತ್ತಲೇ ಇರುವುದರಿಂದ ಬುಡ ಹಗುರಾಗುತ್ತಾ ಹೋಗುತ್ತದೆ. ಹಳೆಯ ಮಾದರಿಗಳಲ್ಲಿ ಈ ಆವಿಯ ಸಾಗಾಟವೇ ಇರಲಿಲ್ಲ.

ಗುಂಡಿಯ ಹತ್ತಿರ ಹೋಗೋಣ. ಅಳೆಯಬೇಕಾದ ಗೋಡೆ ನೆರಳಿನ ಕಡೆಗೆ ಇರಬೇಕು. ಬಿಸಿಲು ಬಿದ್ದರೆ ಕಣಗಳು ನಾವು ನೋಡುತ್ತಿರುವಾಗಲೇ ಬದಲಾಗುತ್ತವೆ. ಆ ಕಡೆಯ ಮೇಲ್ಮೈಯನ್ನು ಯಾರೂ ತುಳಿಯಬಾರದು. ತೋಡಿದ ಹಿಮವನ್ನು ಅತ್ತ ಎಸೆಯಲೂಬಾರದು. ಮೊದಲ ಕೆಲಸ ಉಷ್ಣತೆ, ಯಾಕೆಂದರೆ ಗೋಡೆ ಗಾಳಿಗೆ ತೆರೆದ ಕೂಡಲೇ ತಣ್ಣಗಾಗಲು ಶುರು ಮಾಡುತ್ತದೆ. ಆಮೇಲೆ ಬೆರಳಿನ ಪರೀಕ್ಷೆ. ಇದು ಅಂತರರಾಷ್ಟ್ರೀಯ ವರ್ಗೀಕರಣದಲ್ಲೇ ಇರುವ ಕ್ರಮ: ಪದರದೊಳಗೆ ಮುಷ್ಟಿ ನುಗ್ಗುತ್ತದೆಯೇ, ನಾಲ್ಕು ಬೆರಳೇ, ಒಂದೇ ಬೆರಳೇ, ಪೆನ್ಸಿಲ್ಲೇ, ಇಲ್ಲಾ ಚಾಕುವೇ ಬೇಕೇ. ಟಂಡ್ರಾದ ಮೇಲಿನ ಪದರಕ್ಕೆ ಬಹಳ ಸಲ ಪೆನ್ಸಿಲ್ ಬೇಕು, ಕೆಲವೊಮ್ಮೆ ಚಾಕುವೇ ಬೇಕು. ಬುಡದ ಪದರಕ್ಕೆ ಮುಷ್ಟಿ ಸಾಕು.

ಮುಂದಿನದು ತೂಕ. 3 ಸೆಂಟಿಮೀಟರ್ ಎತ್ತರದ, ಸರಿಯಾಗಿ 100 ಸಿಸಿ ಹಿಡಿಯುವ ಸ್ಟೀಲಿನ ಡಬ್ಬಿಯಂಥ ಕಟರ್ ಇದೆ. ಅದನ್ನು ಗೋಡೆಗೆ ಅಡ್ಡಲಾಗಿ ಒತ್ತಿ, ತಗಡಿನಿಂದ ಮುಚ್ಚಿ, ಸುತ್ತ ಅಂಟಿದ್ದನ್ನು ಒರೆಸಿ ತೂಗುತ್ತೇವೆ. 38 ಗ್ರಾಂ ಬಂದರೆ ಘನ ಮೀಟರಿಗೆ 380 ಕೆಜಿ. ಮೇಲಿನಿಂದ ಬುಡದವರೆಗೆ ಬಿಡದೆ ತೆಗೆಯುತ್ತಾ ಹೋಗಬೇಕು. ಮೇಲಿನ ಪದರದಲ್ಲಿ ಕಟರ್ ಒಳಗೆ ಹೋಗುವುದೇ ಕಷ್ಟ, ಅಂಗೈಯಲ್ಲಿ ತಳ್ಳಬೇಕು. ಬುಡಕ್ಕೆ ಬಂದರೆ ಕಷ್ಟ ಬೇರೆ. ಹರಳುಪ್ಪಿನ ಹಾಗೆ ಪೂರ್ತಿ ಉದುರಿಬಿಡುತ್ತದೆ. ಕಟರ್ ತುಂಬಿತೋ ಇಲ್ಲವೋ ಕಣ್ಣಿಟ್ಟು ನೋಡಬೇಕು, ಅರ್ಧ ತುಂಬಿದ್ದನ್ನು ಚೆಲ್ಲಿ ಪಕ್ಕದಲ್ಲಿ ಮತ್ತೆ ತೆಗೆಯಬೇಕು. ಚೆನ್ನಾಗಿ ಸಿಕ್ಕಾಗ 20, 25 ಗ್ರಾಂ. ಇಷ್ಟು ಸಣ್ಣ ಸಂಖ್ಯೆಗಳನ್ನು ಮೈನಸ್ 25ರಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುತ್ತೇವೆ. ಪೆನ್ನಿನ ಇಂಕು ಹೆಪ್ಪುಗಟ್ಟುತ್ತದೆ.

ಈ ಸಡಿಲ ಪದರ ಬರೀ ಭೌತಶಾಸ್ತ್ರದ ವಿಷಯವಲ್ಲ. ಲೆಮ್ಮಿಂಗ್ ಎಂಬ ಇಲಿ ಜಾತಿಯ ಪುಟ್ಟ ಪ್ರಾಣಿಗಳು ಚಳಿಗಾಲವಿಡೀ ಇದರೊಳಗೇ ದಾರಿ ಮಾಡಿಕೊಂಡು ಬದುಕುತ್ತವೆ. ಹಿಮದ ಮೇಲೆ ಮಳೆ ಬಂದು ಒಳಗೆ ಗಟ್ಟಿ ಮಂಜುಗಡ್ಡೆಯ ಪದರ ಕಟ್ಟಿದರೆ ಅವುಗಳಿಗೂ ಕಷ್ಟ, ಕಾಲಿನಿಂದ ಹಿಮ ಕೆದರಿ ಮೇಯುವ ದೊಡ್ಡ ಪ್ರಾಣಿಗಳಿಗೂ ಕಷ್ಟ. 2003ರ ಅಕ್ಟೋಬರ್‌ನಲ್ಲಿ ಕೆನಡಾದ ಬ್ಯಾಂಕ್ಸ್ ದ್ವೀಪದಲ್ಲಿ ಹಾಗಾಯಿತು. ಮೇವು ಸಿಗದೆ ಸುಮಾರು 20,000 ಮಸ್ಕ್‌ಆಕ್ಸ್‌ಗಳು ಸತ್ತವು. ನೆಲದ ಶಾಖದ ವಿಷಯದಲ್ಲೂ ಅಷ್ಟೇ. ಡೆಪ್ತ್ ಹೋರ್ ಶಾಖವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಗಾಳಿ ಬಡಿದ ಪದರ ಅದಕ್ಕಿಂತ ಹಲವು ಪಟ್ಟು ಹೆಚ್ಚು ಬಿಟ್ಟುಕೊಡುತ್ತದೆ. ಅಡಿಯಲ್ಲಿ ಇರುವುದು ಪರ್ಮಾಫ್ರಾಸ್ಟ್, ಅಂದರೆ ವರ್ಷವಿಡೀ ಹೆಪ್ಪುಗಟ್ಟೇ ಇರುವ ನೆಲ. ಎರಡು ಪದರಗಳ ಪಾಲು ತಪ್ಪಾದರೆ ಆ ನೆಲದ ಉಷ್ಣತೆಯ ಲೆಕ್ಕವೂ ತಪ್ಪುತ್ತದೆ. ಬೈಲಟ್ ದ್ವೀಪದಿಂದ 2022ರಲ್ಲಿ ಪ್ರಕಟವಾದ ಕೆಲಸವೊಂದು ನನ್ನನ್ನು ತುಂಬ ಯೋಚನೆಗೆ ಹಚ್ಚಿತು: ಹಿಮದೊಳಗೆ ಹೂತುಹೋದ ಪೊದೆಗಳ ಕೊಂಬೆಗಳೇ ನೆಲದ ಶಾಖವನ್ನು ಮೇಲಕ್ಕೆ ಸಾಗಿಸಿ ಚಳಿಗಾಲದಲ್ಲಿ ಪರ್ಮಾಫ್ರಾಸ್ಟ್ ಅನ್ನು ಇನ್ನಷ್ಟು ತಣ್ಣಗೆ ಮಾಡುತ್ತವೆ. ಪೊದೆ ಇದ್ದಲ್ಲಿ ಹಿಮ ಜಾಸ್ತಿ ನಿಲ್ಲುತ್ತದೆ, ನೆಲ ಬೆಚ್ಚಗಿರುತ್ತದೆ ಅಂತಲೇ ಬಹಳ ಜನ ಅಂದುಕೊಂಡಿದ್ದರು.

ಈಗ ಬೆಳಕಿಗೆ ಬರುತ್ತೇನೆ. ಮಂಜುಗಡ್ಡೆಗೆ ತನ್ನದೇ ಬಿಳಿ ಬಣ್ಣವಿಲ್ಲ, ಅದು ಪಾರದರ್ಶಕ. ಹಿಮ ಬೆಳ್ಳಗೆ ಕಾಣುವುದು ಕಣಗಳಿಗೂ ಗಾಳಿಗೂ ನಡುವಿನ ಲೆಕ್ಕವಿಲ್ಲದಷ್ಟು ಅಂಚುಗಳಲ್ಲಿ ಬೆಳಕು ತಿರುಗಿ ತಿರುಗಿ ಹೊರಗೆ ಬರುವುದರಿಂದ. ಕಣ್ಣಿಗೆ ಕಾಣುವ ಬೆಳಕನ್ನು ಮಂಜುಗಡ್ಡೆ ಹೀರುವುದು ತೀರಾ ಕಡಿಮೆ. ಹಾಗಾಗಿ ಆಳವಾದ, ಶುದ್ಧ ಹಿಮ ಅದರಲ್ಲಿ 97, 98 ಶೇಕಡಾ ವಾಪಸ್ ಕಳಿಸುತ್ತದೆ, ಕಣ ಸಣ್ಣದಿರಲಿ ದೊಡ್ಡದಿರಲಿ. ಆದರೆ ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಪಾಲು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಅದನ್ನು ಮಂಜುಗಡ್ಡೆ ಚೆನ್ನಾಗಿ ಹೀರುತ್ತದೆ. ಕಣ ದೊಡ್ಡದಾದರೆ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬೆಳಕು ಮಂಜುಗಡ್ಡೆಯೊಳಗೆ ಹೆಚ್ಚು ದೂರ ಸಾಗಬೇಕು. ದಾರಿ ಉದ್ದವಾದಷ್ಟೂ ಹೀರಿಕೆ ಜಾಸ್ತಿ. ಅಂದರೆ ಕಣ್ಣಿಗೆ ಎರಡೂ ಒಂದೇ ಬಿಳಿ, ಇನ್‌ಫ್ರಾರೆಡ್‌ನಲ್ಲಿ ಒಂದು ಬೆಳಕು, ಇನ್ನೊಂದು ಮಬ್ಬು. 1980ರಲ್ಲಿ ವಿಸ್ಕೋಂಬ್ ಮತ್ತು ವಾರನ್ ಇದನ್ನು ಲೆಕ್ಕ ಹಾಕಿ ತೋರಿಸಿದರು.

ಇದರಿಂದ ಒಂದು ಉಪಕಾರ ಆಯಿತು. ಪ್ರತಿಫಲನ ಎಲ್ಲಿ ಕಡಿಮೆಯಾಗಿದೆ ಎಂದು ನೋಡಿದರೆ ಕಾರಣ ಊಹಿಸಬಹುದು. ಕಾಣುವ ಬೆಳಕಿನಲ್ಲಿ ಕಡಿಮೆಯಾಗಿದ್ದರೆ ಮಸಿ ಅಥವಾ ದೂಳು ಕೂತಿದೆ, ಇಲ್ಲಾ ಹಿಮ ತೆಳುವಾಗಿ ಅಡಿಯ ಹುಲ್ಲು, ಪಾಚಿ ಬೆಳಕು ನುಂಗುತ್ತಿದೆ. ಇನ್‌ಫ್ರಾರೆಡ್‌ನಲ್ಲಿ ಮಾತ್ರ ಕಡಿಮೆಯಾಗಿದ್ದರೆ ಕಣ ದೊಡ್ಡದಾಗಿದೆ. ಟಂಡ್ರಾದಲ್ಲಿ ತೆಳು ಹಿಮ, ಹೊರಗೆ ಇಣುಕುವ ಕುಳ್ಳ ಬರ್ಚ್ ಗಿಡಗಳ ಕಡ್ಡಿ, ದೊಡ್ಡ ಹರಳು ಮೂರೂ ಒಟ್ಟಿಗೇ ಇರುವುದರಿಂದ ಬಿಡಿಸುವುದು ಸುಲಭವಲ್ಲ. ನೆಲದಲ್ಲಿ ಅಳೆದ ಕಣದ ಗಾತ್ರ ಕೈಯಲ್ಲಿದ್ದರೆ ಮಾತ್ರ ಉಳಿದದ್ದು ಬಿಡಿಸಲು ಬರುತ್ತದೆ.

ಕಣದ ಗಾತ್ರ ಅಂದೆ. ಬಟ್ಟಲಿನ ಆಕಾರದ್ದಕ್ಕೆ, ಮುರಿದ ಚೂರಿಗೆ, ನಕ್ಷತ್ರದಂಥದ್ದಕ್ಕೆ ಯಾವ ಅಡ್ಡಗಲ ಹೇಳುವುದು? ಲೂಪ್ ಎಂಬ ಪುಟ್ಟ ಭೂತಗನ್ನಡಿ ಹಿಡಿದು ಮಿಲಿಮೀಟರ್ ಚೌಕಗಳ ಕಾರ್ಡಿನ ಮೇಲೆ ಇಬ್ಬರು ನೋಡಿದರೆ ಎರಡು ಉತ್ತರ ಬರುತ್ತದೆ. ಅದಕ್ಕೇ ಇನ್ನೊಂದು ಅಳತೆ ಬಂತು. ಒಂದು ಕೆಜಿ ಹಿಮದ ಕಣಗಳ ಮೇಲ್ಮೈ ಎಲ್ಲ ಸೇರಿಸಿದರೆ ಎಷ್ಟು ಚದರ ಮೀಟರ್ ಆಗುತ್ತದೆ ಎಂಬುದು. ಎಸ್‌ಎಸ್‌ಎ ಎಂದು ಕರೆಯುತ್ತಾರೆ. ಆಗತಾನೆ ಬಿದ್ದ ಹಿಮದಲ್ಲಿ 60ರಿಂದ 100 ಚದರ ಮೀಟರ್ ಇರಬಹುದು. ಗಾಳಿ ಬಡಿದ ಪದರದಲ್ಲಿ 20ರ ಆಸುಪಾಸು ಅಥವಾ ಸ್ವಲ್ಪ ಮೇಲೆ, ಡೆಪ್ತ್ ಹೋರ್‌ನಲ್ಲಿ 10ರ ಆಸುಪಾಸು. ಬೆಳಕಿನ ಲೆಕ್ಕಕ್ಕೆ ಈ ಒಂದು ಸಂಖ್ಯೆ ಬಹುಮಟ್ಟಿಗೆ ಸಾಕು. 20 ಅಂದರೆ ಬೆಳಕಿನ ದೃಷ್ಟಿಯಲ್ಲಿ ಮಿಲಿಮೀಟರಿನ ಮೂರನೇ ಒಂದು ಭಾಗ ಅಡ್ಡಗಲದ ಗುಂಡುಗಳಿದ್ದಂತೆ.

ಅದನ್ನು ಬಯಲಿನಲ್ಲೇ ಅಳೆಯುವ ಸಲಕರಣೆ ಐಸ್‌ಕ್ಯೂಬ್. ಗ್ರೆನೋಬಲ್‌ನ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ವಿಧಾನದ ಮೇಲೆ ತಯಾರಾದದ್ದು. ಒಳಗೆ ಬೆಳ್ಳಗಿನ ಟೊಳ್ಳು ಗೋಳ, ಮೇಲಿನಿಂದ 1310 ನ್ಯಾನೊಮೀಟರ್‌ನ ಲೇಸರ್. ಮನೆಗೆ ಇಂಟರ್ನೆಟ್ ತರುವ ಫೈಬರ್ ಕೇಬಲ್‌ನಲ್ಲಿ ಓಡುವ ಬೆಳಕಿನಲ್ಲಿ ಇದೂ ಒಂದು. ಇದನ್ನು ಆರಿಸಿದ್ದಕ್ಕೆ ಕಾರಣ ಇದೆ. ಈ ಬೆಳಕಿನಲ್ಲಿ ಮಂಜುಗಡ್ಡೆಯೇ ಸಾಕಷ್ಟು ಹೀರುವುದರಿಂದ ಚೂರುಪಾರು ಮಸಿಯ ಪ್ರಭಾವ ಲೆಕ್ಕಕ್ಕೆ ಬರುವುದಿಲ್ಲ. ಬೆಳಕು ಹಿಮದೊಳಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಹೋಗುವುದರಿಂದ ಸಣ್ಣ ಮಾದರಿಯೇ ಸಾಕು. ಸುಮಾರು 6 ಸೆಂಟಿಮೀಟರ್ ಅಗಲ, 2.5 ಸೆಂಟಿಮೀಟರ್ ಆಳದ ಕಪ್ಪು ಬಟ್ಟಲಲ್ಲಿ ಹಿಮ ತುಂಬಿ ಗೋಳದ ಅಡಿಗೆ ಸೇರಿಸುತ್ತೇವೆ. ಎಷ್ಟು ಬೆಳಕು ತಿರುಗಿ ಬಂತು ಎಂದು ಬೆಳಕು ಅಳೆಯುವ ಡಯೋಡ್ ಹೇಳುತ್ತದೆ.

ಕೇಳಲು ಸಲೀಸು. ಕೈಗೆ ಹಿಡಿದಾಗ ಗೊತ್ತಾಗುತ್ತದೆ. ಮಾದರಿಯ ಮುಖವನ್ನು ಬ್ಲೇಡಿನಿಂದ ಮಟ್ಟ ಮಾಡಬೇಕು, ಆದರೆ ಉಜ್ಜಬಾರದು. ಉಜ್ಜಿದರೆ ಕಣಗಳು ಪುಡಿಯಾಗಿ ಮೇಲೆ ಕೂರುತ್ತವೆ, ಪ್ರತಿಫಲನ ಸುಳ್ಳೇ ಏರುತ್ತದೆ. ನಾವು ಬ್ಲೇಡನ್ನು ಒಂದೇ ದಿಕ್ಕಿನಲ್ಲಿ ಒಮ್ಮೆ ಎಳೆದು, ಸಡಿಲ ಪುಡಿ ಇದ್ದರೆ ಬಟ್ಟಲನ್ನು ಓರೆ ಮಾಡಿ ಮೆಲ್ಲಗೆ ತಟ್ಟುತ್ತೇವೆ. ಡೆಪ್ತ್ ಹೋರ್‌ನಲ್ಲಿ ಅದೂ ಆಗುವುದಿಲ್ಲ, ತಟ್ಟಿದರೆ ಮಾದರಿಯೇ ಕುಸಿಯುತ್ತದೆ. ಬ್ಲೇಡು, ಬಟ್ಟಲು, ಕೈಗವಸು ಎಲ್ಲವೂ ಹಿಮದಷ್ಟೇ ತಣ್ಣಗಿರಬೇಕು. ಉಸಿರು ಬಿಡುವಾಗ ಮುಖ ತಿರುಗಿಸಬೇಕು. ಚಳಿಗೆ ಲೇಸರ್‌ನ ಬಲ ಏರಿಳಿಯುವುದರಿಂದ, 5ರಿಂದ 99 ಶೇಕಡಾವರೆಗೆ ಪ್ರತಿಫಲನ ಮೊದಲೇ ಗೊತ್ತಿರುವ ಬಿಲ್ಲೆಗಳನ್ನು ಇಟ್ಟು ಮತ್ತೆ ಮತ್ತೆ ತಾಳೆ ನೋಡಬೇಕು. ಆ ಬಿಲ್ಲೆಗಳ ಮೇಲೆ ಒಂದು ಹಿಮದ ಕಣ ಕೂತರೂ ಆ ಗುಂಡಿಯ ಲೆಕ್ಕವೆಲ್ಲ ಕೆಡುತ್ತದೆ. ಈ ಕೆಲಸದಲ್ಲಿ ಅವಸರದ ಕೈಗಿಂತ ನಿಧಾನದ ಕೈ ಮೇಲು. ತಂಡದಲ್ಲಿ ಯಾರು ಐಸ್‌ಕ್ಯೂಬ್ ಹಿಡಿಯಬೇಕು ಎಂಬುದನ್ನು ಪದವಿ ನೋಡಿ ತೀರ್ಮಾನಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಸಲಕರಣೆ ಸ್ನೋಮೈಕ್ರೋಪೆನ್. ಶ್ನೇಬೆಲಿ ಮತ್ತು ಜಾನ್ಸನ್ 1998ರಲ್ಲಿ ಪರಿಚಯಿಸಿದ್ದು, ಬೆಳೆದಿದ್ದು ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆಯಲ್ಲಿ. 5 ಮಿಲಿಮೀಟರ್ ಅಗಲದ ಮೊನೆಯನ್ನು ಮೋಟಾರು ಸೆಕೆಂಡಿಗೆ 20 ಮಿಲಿಮೀಟರ್ ವೇಗದಲ್ಲಿ ಹಿಮದೊಳಗೆ ಇಳಿಸುತ್ತದೆ. ಪ್ರತಿ 4 ಮೈಕ್ರಾನಿಗೆ ಒಮ್ಮೆ ಎಷ್ಟು ಬಲ ಬೇಕಾಯಿತು ಎಂದು ಬರೆದುಕೊಳ್ಳುತ್ತದೆ. 40 ಸೆಂಟಿಮೀಟರ್ ಹಿಮಕ್ಕೆ 20 ಸೆಕೆಂಡು, ಒಂದು ಲಕ್ಷ ಅಂಕಿ. ಕಣಗಳ ನಡುವಿನ ಒಂದೊಂದು ಬೆಸುಗೆ ಮುರಿಯುವುದೂ ಅದರಲ್ಲಿ ಕಾಣುತ್ತದೆ. ಬಲದ ಏರಿಳಿತದಿಂದ ಸಾಂದ್ರತೆ, ಎಸ್‌ಎಸ್‌ಎ ಎರಡನ್ನೂ ಅಂದಾಜು ಮಾಡಬಹುದು. ಆದರೆ ಆ ಅಂದಾಜಿನ ಸೂತ್ರ ಆಯಾ ಜಾಗದ ಹಿಮಕ್ಕೆ ಹೊಂದಬೇಕು. ಅದಕ್ಕೆ ಮತ್ತೆ ಪಕ್ಕದಲ್ಲೇ ಗುಂಡಿ, ಕಟರ್, ತಕ್ಕಡಿ.

ಹಿಮದ ಮೇಲೆ ನಿಂತು ಪ್ರತಿಫಲನ ಅಳೆಯುವುದು ಇನ್ನೊಂದು ತರಹದ ತಲೆನೋವು. ಮೇಲಿನಿಂದ ಬರುವ ಬೆಳಕು, ಕೆಳಗಿನಿಂದ ಹೋಗುವ ಬೆಳಕು, ಎರಡನ್ನೂ ಅಳೆದು ಭಾಗಿಸಿದರೆ ಆಯಿತು. ಆದರೆ ಅಲ್ಲಿ ಸೂರ್ಯ ಮೇಲೇರುವುದೇ ಇಲ್ಲ. ಏಪ್ರಿಲ್ ಮಧ್ಯದಲ್ಲಿ ನಡುಮಧ್ಯಾಹ್ನ ಕೂಡ 31 ಡಿಗ್ರಿ ಎತ್ತರ ಅಷ್ಟೇ. ಆಗ ಹಿಮದ ಮೇಲ್ಮೈ ಸೂರ್ಯನ ಕಡೆಗೆ ಒಂದೇ ಒಂದು ಡಿಗ್ರಿ ವಾಲಿದ್ದರೂ ಬೀಳುವ ನೇರ ಬಿಸಿಲು 3 ಶೇಕಡಾ ಹೆಚ್ಚುತ್ತದೆ. ಸೂರ್ಯ 20 ಡಿಗ್ರಿಗೆ ಇಳಿದರೆ ಅದು 5 ಶೇಕಡಾ ಹತ್ತಿರ. ನಾವು ಹುಡುಕುತ್ತಿರುವ ವ್ಯತ್ಯಾಸವೇ ಎಷ್ಟೋ ಸಲ ಅಷ್ಟಿರುತ್ತದೆ! ಹಾಗಾಗಿ ಸೆನ್ಸರ್ ಮಟ್ಟ ಇದ್ದರೆ ಸಾಲದು, ಹಿಮದ ಇಳಿಜಾರನ್ನೂ ಅಳೆಯಬೇಕು. ಗಾಳಿ ಕೆತ್ತಿದ ದಿಬ್ಬಗಳ ಸಾಲು ಯಾವ ದಿಕ್ಕಿಗಿದೆ ಎಂದು ಬರೆದುಕೊಳ್ಳಬೇಕು. ನಿಂತವರ ನೆರಳು ಬೀಳಬಾರದು, ಅವರ ಜಾಕೆಟ್‌ನ ಬಣ್ಣ ಕೂಡ ಸೆನ್ಸರ್‌ಗೆ ತಾಗುತ್ತದೆ. ತೆಳು ಮೋಡ ಬಂದರೆ ಕಾಯಬೇಕು. ಬೆಟ್ಟವಿಲ್ಲದ ಆ ಬಯಲಲ್ಲಿ ಕಾಯುವುದು ಅಂದರೆ ಗಾಳಿಗೆ ಬೆನ್ನು ಕೊಟ್ಟು ಸುಮ್ನೆ ನಿಲ್ಲುವುದು.

ಇಷ್ಟೆಲ್ಲ 6 ಸೆಂಟಿಮೀಟರ್ ಬಟ್ಟಲಿನ ಲೆಕ್ಕ. ಯುರೋಪಿನ ಸೆಂಟಿನೆಲ್-3 ಉಪಗ್ರಹಕ್ಕೆ 300 ಮೀಟರ್ ಅಗಲದ ಜಾಗ ಒಂದೇ ಚುಕ್ಕೆ. 1020 ನ್ಯಾನೊಮೀಟರ್‌ನ ಇನ್‌ಫ್ರಾರೆಡ್ ಬೆಳಕಿನಲ್ಲಿ ಅದು ಕಂಡದ್ದರಿಂದ ಹಿಮದ ಕಣದ ಗಾತ್ರ ತೆಗೆಯುತ್ತಾರೆ. ಎರಡರ ನಡುವೆ ಸೇತುವೆ ಬೇಕಲ್ಲ? 2023ರ ಏಪ್ರಿಲ್‌ನಲ್ಲಿ ನಾಸಾದ ಸ್ನೋಎಕ್ಸ್ ಅಭಿಯಾನ ಅಲಾಸ್ಕಾದ ಕಾಡು, ಟಂಡ್ರಾ ಎರಡರಲ್ಲೂ ಮಾಡಿದ್ದು ಅದನ್ನೇ. ಮೇಲೆ ವಿಮಾನದಲ್ಲಿ ಅವಿರಿಸ್-ಎನ್‌ಜಿ ಎಂಬ ಸ್ಪೆಕ್ಟ್ರೋಮೀಟರ್, ಅಂದರೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಅಳೆಯುವ ಸಲಕರಣೆ, ಕೆಳಗೆ ಗುಂಡಿ ತೋಡುವವರು. ಇದೇ ಸಲಕರಣೆ ಇಸ್ರೊ ಮತ್ತು ನಾಸಾ ಜೊತೆಗೂಡಿ 2015–16ರಲ್ಲಿ ಭಾರತದ ಮೇಲೂ ಹಾರಿತ್ತು.

ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಹೇಳಬೇಕಾದ್ದು ಇದೆ. ಆರ್ಕ್ಟಿಕ್‌ನಲ್ಲಿರುವ ನಾರ್ವೆಯ ದ್ವೀಪಗಳ ಗುಂಪು ಸ್ವಾಲ್ಬಾರ್ಡ್‌ನಲ್ಲಿ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇದೆ. 2023ರ ಡಿಸೆಂಬರ್‌ನಲ್ಲಿ ಹೊರಟ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. 2025ರ ಜುಲೈ 30ರಂದು ಹಾರಿದ, ನಾಸಾ ಮತ್ತು ಇಸ್ರೊ ಜೊತೆಗೂಡಿ ಮಾಡಿದ ನಿಸಾರ್ ರೇಡಾರ್ ಉಪಗ್ರಹದ ಭಾಗಗಳನ್ನು ಜೋಡಿಸಿದ್ದು ಇದೇ ಊರಿನಲ್ಲಿ. ಅದರ ಒಂದು ರೇಡಾರ್‌ನ ಅಲೆ ಸುಮಾರು 24 ಸೆಂಟಿಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ಮಿಲಿಮೀಟರ್ ಕಣಗಳು ಲೆಕ್ಕಕ್ಕಿಲ್ಲ, ಒಣ ಹಿಮದಲ್ಲಿ ಸಲೀಸಾಗಿ ನೆಲದವರೆಗೆ ಹೋಗುತ್ತದೆ. ಕೆನಡಾದವರು ಯೋಚಿಸುತ್ತಿರುವ ಹಿಮದ ಉಪಗ್ರಹದ ರೇಡಾರ್ ಅಲೆ 2 ಸೆಂಟಿಮೀಟರ್ ಆಸುಪಾಸು. ಅದಕ್ಕೆ ಡೆಪ್ತ್ ಹೋರ್‌ನ ಹರಳುಗಳು ಎದ್ದು ಕಾಣುತ್ತವೆ. ಬುಡದ ಪದರ ಎಷ್ಟು ದಪ್ಪ ಎಂದು ಗೊತ್ತಿಲ್ಲದೆ ಆ ರೇಡಾರ್‌ನಿಂದ ಹಿಮದ ತೂಕ ಹೇಳಲು ಹೋದರೆ, ದೊಡ್ಡ ಹರಳನ್ನೇ ಹೆಚ್ಚು ಹಿಮ ಎಂದು ಓದಿಬಿಡುವ ಅಪಾಯ ಇದೆ.

ಕೊನೆಗೆ ಪ್ರಶ್ನೆಗಳಿಗೆ ಸಮಯ ಕೊಟ್ಟಾಗ ಕಾಲೇಜು ವಿದ್ಯಾರ್ಥಿನಿಯೊಬ್ಬರು ಕೇಳಿದರು: "ಸರ್, ಇದನ್ನೆಲ್ಲ ಡ್ರೋನ್ ಮಾಡೋಕೆ ಆಗಲ್ವಾ?" ಸ್ವಲ್ಪ ಆಗುತ್ತದೆ. ಡ್ರೋನ್‌ಗೆ ಸ್ಪೆಕ್ಟ್ರೋಮೀಟರ್ ಕಟ್ಟಿದರೆ ಹಿಮದ ಮೇಲ್ಮೈಯ ಕಣಗಳ ಗಾತ್ರ ಇಡೀ ಇಳಿಜಾರಿಗೆ ಸಿಗುತ್ತದೆ. ಅದು ದೊಡ್ಡ ಲಾಭ. ಆದರೆ ಇನ್‌ಫ್ರಾರೆಡ್ ನೋಡುವುದು ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ. ಬುಡದ ಹರಳು ಅದಕ್ಕೆ ಕಾಣುವುದಿಲ್ಲ.

ಹಿರಿಯ ಶಿಕ್ಷಕರೊಬ್ಬರು, ಯಾವ ಹೊತ್ತಿನ ಅಳತೆ ನಿಮ್ಮ ಬಳಿ ಕಡಿಮೆ ಇದೆ ಎಂದು ಕೇಳಿದರು. ಕರಗುವ ಹೊತ್ತಿನದು. ಮೇ ಕೊನೆಯ ವಾರಗಳಲ್ಲಿ ಹಿಮದೊಳಗೆ ಮೊದಲ ನೀರು ಇಳಿದ ಕೂಡಲೇ ಕಣಗಳು ಗುಂಡಗಾಗಿ ದೊಡ್ಡ ಗೊಂಚಲಾಗುತ್ತವೆ. ಎಸ್‌ಎಸ್‌ಎ 5ಕ್ಕೆ, ಅದಕ್ಕಿಂತ ಕೆಳಗೆ ಬೀಳುತ್ತದೆ. ಹೀರಿಕೆ ಏರಿ, ಕರಗುವುದು ಇನ್ನೂ ಜೋರಾಗುತ್ತದೆ. ಬಿಸಿಲಿನ 80 ಶೇಕಡಾ ವಾಪಸ್ ಕಳಿಸುತ್ತಿದ್ದ ಬಯಲು ಕೆಲವೇ ದಿನಗಳಲ್ಲಿ 15, 20 ಶೇಕಡಾ ಮಾತ್ರ ಕಳಿಸುವ ಒದ್ದೆ ನೆಲವಾಗುತ್ತದೆ. ಅದೂ ಸೂರ್ಯ ಮುಳುಗುವುದನ್ನೇ ನಿಲ್ಲಿಸುವ ಕಾಲದಲ್ಲಿ. ಅದೇ ದಿನಗಳಲ್ಲಿ ಸ್ನೋಮೊಬೈಲ್ ಓಡಿಸುವಷ್ಟು ಹಿಮ ಇರುವುದಿಲ್ಲ, ಹೊಳೆಗಳು ದಾಟಲು ಬಿಡುವುದಿಲ್ಲ, ತೋಡಿದ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಕಂಬಕ್ಕೆ ಕಟ್ಟಿದ ಸೆನ್ಸರ್‌ಗಳು ಪ್ರತಿಫಲನ ಬರೆದುಕೊಳ್ಳುತ್ತವೆ, ಪದರಗಳ ಒಳಗಿನದನ್ನು ಬರೆದುಕೊಳ್ಳುವುದಿಲ್ಲ. ಏಪ್ರಿಲ್‌ನಲ್ಲಿ ಬಂದು ಹೋಗುವ ತಂಡಗಳಲ್ಲಿ ಕೆಲವರಾದರೂ ಬೀಡಿನಲ್ಲೇ ಉಳಿದು, ನಡೆದು ಹೋಗುವಷ್ಟು ದೂರದಲ್ಲಿ, ಕೊನೆಯ ಹಿಮ ಹೋಗುವವರೆಗೆ ದಿನಾ ಒಂದು ಗುಂಡಿ ತೋಡಬೇಕು.